ಚಿತ್ರಕ್ಕೆ ಮೂರು ನಕ್ಷತ್ರ, ಆಮೇಲಿನ ಚರ್ಚೆಗೆ ಐದು

ಪರಿಸರದ ಸಾಕ್ಷ್ಯಚಿತ್ರಗಳನ್ನು ಹೊತ್ತು ತಂದು, ಕರೆದಲ್ಲಿ ಪುಕ್ಕಟೆಯಾಗಿ ತೋರಿಸಿ, ಆಮೇಲೆ ಜನರನ್ನು ಮಾತಿಗೆ ಹಚ್ಚುವ ಸ್ವಯಂಸೇವಕರ ತಂಡವೊಂದು ನಮ್ಮ ಸಮುದಾಯ ಭವನಕ್ಕೆ ತಿಂಗಳಿಗೊಮ್ಮೆ ಬರುತ್ತಿದೆ. ನಾನು ತಪ್ಪದೆ ಹೋಗುತ್ತಿದ್ದೇನೆ. ವೃತ್ತಿಯಿಂದ ನಾನು ಚಿತ್ರಮಂದಿರದ ಆಪರೇಟರ್. ರೀಲಿನ ಕಾಲದಲ್ಲಿ ಕ್ಯಾಬಿನ್ ಹೊಕ್ಕವನು, ಹಾರ್ಡ್ ಡಿಸ್ಕಿನ ಕಾಲದಲ್ಲಿ ನಿವೃತ್ತನಾಗಿ ಹೊರಬಂದೆ. ಪರದೆಯ ಒಂದು ಮೂಲೆ ಸೊಟ್ಟಗಿದ್ದರೆ ಕಥೆ ನನ್ನ ತಲೆಗೆ ಇಳಿಯುವುದಿಲ್ಲ. ಇಲ್ಲಿ ತಕರಾರು ತುಸು ಹೆಚ್ಚಾಗಿ ಕಂಡರೆ ಕಸುಬನ್ನು ದೂರಿ.

ಮೊದಲು ಚಿತ್ರದ ವಿಚಾರ. ತಂಡದ ಪ್ರೊಜೆಕ್ಟರ್ ಹೆಗಲ ಚೀಲದಲ್ಲಿ ಬರುವಷ್ಟು ಪುಟ್ಟದು. 3,000 ಎಎನ್‌ಎಸ್‌ಐ ಲುಮೆನ್ ಎಂದರು. ಲುಮೆನ್ ಎಂದರೆ ಬೆಳಕಿನ ಅಳತೆ, ಎಎನ್‌ಎಸ್‌ಐ ಎಂದರೆ ಅದನ್ನು ಅಳೆಯುವ ಅಮೆರಿಕದ ಮಾನದಂಡ. ಬೆಳಕು ನೋಡಿದರೆ ಹೌದೆನಿಸಿತು. ಅಗ್ಗದ ಪ್ರೊಜೆಕ್ಟರ್‌ಗಳ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಭಾರಿ ಲುಮೆನ್ ಸಂಖ್ಯೆಗಳ ಲೆಕ್ಕವೇ ಬೇರೆ. ಪಕ್ಕದಲ್ಲಿ ಎಎನ್‌ಎಸ್‌ಐ ಎಂಬ ಅಕ್ಷರಗಳಿಲ್ಲದಿದ್ದರೆ ಆ ಸಂಖ್ಯೆಯನ್ನು ನಾನು ಓದುವುದೂ ಇಲ್ಲ. ಇಲ್ಲಿ ಯಂತ್ರದಲ್ಲಿ ದೋಷವಿರಲಿಲ್ಲ, ಕೆಲಸ ಕೆಡಿಸಿದ್ದು ಆಸೆ. ಗೋಡೆ ತುಂಬ ಚಿತ್ರ ಮೂಡಲಿ ಎಂದು ಹುಡುಗರು ಪ್ರೊಜೆಕ್ಟರನ್ನು ಹಿಂದೆ ಹಿಂದೆ ಸರಿಸುತ್ತ ಹೋದರು. ಚಿತ್ರದ ಅಗಲ ಎರಡು ಪಟ್ಟಾದರೆ ಅಷ್ಟೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ಹಗಲಿನ ದೃಶ್ಯಗಳು ಹೇಗೋ ಬದುಕಿಕೊಂಡವು. ರಾತ್ರಿಯ ಕಾಡು, ಆಳದ ನೀರು, ಗಣಿಯ ಒಳಗು ಬಂದಾಗ ನಮಗೆ ಕಂಡದ್ದು ಬೂದು ಬಣ್ಣದ ಗೋಡೆ. ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಚೆಲ್ಲಲು ಬರುವುದಿಲ್ಲ. ಪ್ರೊಜೆಕ್ಟರಿನ ಬೆಳಕು ಬೀಳದ ಪರದೆ ಎಷ್ಟು ಕಪ್ಪೋ ಚಿತ್ರದ ಕಪ್ಪೂ ಅಷ್ಟೇ. ಪರಿಸರದ ಚಿತ್ರಗಳಲ್ಲಿ ಇಂಥ ಕತ್ತಲ ದೃಶ್ಯಗಳು ಬಹಳ ಇರುವುದರಿಂದ ಇದು ಸಣ್ಣ ಮಾತಲ್ಲ. ಮುಂದಿನ ತಿಂಗಳು ಚಿತ್ರವನ್ನು ಚಿಕ್ಕದು ಮಾಡಿ, ಹೊರಬೆಳಕು ನುಸುಳುತ್ತಿದ್ದ ಬಾಗಿಲ ಮೇಲಿನ ಗಾಜಿಗೆ ರಟ್ಟು ಅಂಟಿಸಿದರು. ಆಗ ಅದೇ ಯಂತ್ರ ಬೇರೆಯೇ ಚಿತ್ರ ತೋರಿಸಿತು.

ಚಿತ್ರ ಸ್ವಲ್ಪ ಮಂಕಾದರೆ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಸಮುದಾಯ ಭವನದ ಗೋಡೆಗಳು ಬೋಳು, ನೆಲ ನುಣುಪು. ಒಂದು ಮಾತು ಮೂರು ಸಲ ಮರಳಿ ಬರುತ್ತದೆ. ಕೇಳಿಸುತ್ತಿಲ್ಲ ಎಂದು ಹಿಂದಿನವರು ಕೂಗಿದಾಗಲೆಲ್ಲ ಧ್ವನಿ ಏರಿಸಿದರು. ಏರಿಸಿದಷ್ಟೂ ಮಾರ್ದನಿಯೂ ಏರುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ವೇದಿಕೆಯ ಮೇಲಿನ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳ ಧ್ವನಿ ತಗ್ಗಿಸಿ, ಸಭೆಯ ನಡುಭಾಗದ ಎರಡೂ ಬದಿಗೆ ಚಿಕ್ಕ ಪೆಟ್ಟಿಗೆಗಳನ್ನು ಕಿವಿಯ ಎತ್ತರಕ್ಕೆ ಇಟ್ಟರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಹೇಳಿದ್ದೇನೆ, ಇನ್ನೂ ಮಾಡಿಲ್ಲ. ಎರಡು ನಕ್ಷತ್ರ ಕತ್ತರಿಸಿರುವುದರಲ್ಲಿ ಒಂದು ಇದಕ್ಕೇ.

ಇನ್ನೊಂದು ಹೋದದ್ದು ಉದ್ದಕ್ಕೆ. ತೊಂಬತ್ತು ನಿಮಿಷದ ಚಿತ್ರ ಹಾಕಿದ ದಿನ ದೀಪ ಹೊತ್ತಿದ ಕೂಡಲೇ ಅರ್ಧ ಸಭೆ ಚಪ್ಪಲಿ ಹುಡುಕುತ್ತಿತ್ತು. ನಲವತ್ತು ನಿಮಿಷದ ಒಳಗಿನ ಚಿತ್ರ ಹಾಕಿದ ದಿನ ಯಾರೂ ಕದಲಲಿಲ್ಲ. ಎಷ್ಟೋ ಸಾಕ್ಷ್ಯಚಿತ್ರಗಳಿಗೆ ಶಾಲಾ ಕಾಲೇಜುಗಳಿಗೆಂದೇ ಮಾಡಿದ ಕಿರು ಆವೃತ್ತಿ ಇರುತ್ತದೆ, ಅದನ್ನೇ ತರಿಸಲಿ. ನಿರ್ದೇಶಕನಿಗೆ ಅವಮಾನವೇನೂ ಆಗುವುದಿಲ್ಲ. ನಾವು ಕ್ಯಾಬಿನ್‌ನಲ್ಲಿ ಕೊನೆಯ ಆಟಕ್ಕೆ ರೀಲನ್ನೇ ಹಾರಿಸಿದ್ದುಂಟು, ಅದು ಬೇರೆ ಮಾತು.

ಇನ್ನು ಐದು ನಕ್ಷತ್ರದ ಕಾರಣಕ್ಕೆ ಬರುತ್ತೇನೆ. ನದಿಗಳ ಮೂಲಕ ಸಮುದ್ರ ಸೇರುವ ಕೊಳೆಯನ್ನು ಕುರಿತ ಚಿತ್ರ ಹಾಕಿದ್ದರು. ಮುಗಿದ ಮೇಲೆ ಚರ್ಚೆ ನಡೆಸುವ ಹೆಣ್ಣುಮಗಳು "ಯಾರಿಗಾದರೂ ಪ್ರಶ್ನೆ ಇದೆಯೇ?" ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಏನಾಗುತ್ತದೆ ಎಂದು ಸಭೆಗಳಿಗೆ ಹೋದವರಿಗೆಲ್ಲ ಗೊತ್ತು: ಮುಂದಿನ ಸಾಲಿನ ಒಬ್ಬರು ಎದ್ದು, ಪ್ರಶ್ನೆಯನ್ನು ಬಿಟ್ಟು ಉಳಿದೆಲ್ಲವನ್ನೂ ಮಾತನಾಡುತ್ತಾರೆ. ಈಕೆ "ಈಗ ಕಣ್ಣು ಮುಚ್ಚಿದರೆ ಯಾವ ದೃಶ್ಯ ಕಾಣುತ್ತದೆ? ಪಕ್ಕದವರಿಗೆ ಹೇಳಿ" ಎಂದಳು. ಎರಡು ನಿಮಿಷ ಇಡೀ ಭವನ ಗಜಿಬಿಜಿ. ಪಕ್ಕದವರೊಡನೆ ಒಮ್ಮೆ ಬಾಯಿ ಬಿಟ್ಟವರಿಗೆ ಮೈಕು ಹಿಡಿಯಲು ಅಂಜಿಕೆ ಉಳಿಯುವುದಿಲ್ಲ.

ಮೂರನೆಯ ಸಾಲಿನಿಂದ ಒಬ್ಬ ಹಿರಿಯ ಹೆಂಗಸು ಎದ್ದರು. "ಸಮುದ್ರದ ಮಾತು ಆಮೇಲೆ ಆಡೋಣ ಮಗಳೇ. ನಮ್ಮ ರಸ್ತೆ ಕೊನೆಯ ಚರಂಡಿ ನೊರೆ ಕಾರುತ್ತದಲ್ಲ, ಅದು ಯಾಕೆ?"

"ನನಗೆ ಗೊತ್ತಿಲ್ಲ ಅಮ್ಮಾ," ಎಂದಳು ಆಕೆ. "ಇಲ್ಲಿ ಗೊತ್ತಿರುವವರು ಯಾರಾದರೂ ಇದ್ದೀರಾ?"

ಹಿಂದಿನ ಸಾಲಿನಲ್ಲಿ ಒಬ್ಬ ಪ್ಲಂಬರ್ ಇದ್ದ. ವೇದಿಕೆಗೆ ಬರಲು ಒಪ್ಪಲಿಲ್ಲ, ನಿಂತಲ್ಲಿಂದಲೇ ಹೇಳಿದ. ಮಳೆನೀರಿನ ಚರಂಡಿ ಬೇರೆ, ಒಳಚರಂಡಿ ಬೇರೆ. ಒಳಚರಂಡಿಯ ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಮಳೆನೀರಿನ ಚರಂಡಿಯದು ನೇರವಾಗಿ ಕೆರೆಗೋ ಹೊಳೆಗೋ ಸೇರುತ್ತದೆ. ಖರ್ಚು ಉಳಿಸಲು ಬಟ್ಟೆ ಒಗೆಯುವ ನೀರಿನ ಪೈಪನ್ನು ಹತ್ತಿರವಿದ್ದ ಮಳೆ ಚರಂಡಿಗೆ ಜೋಡಿಸುವವರಿದ್ದಾರೆ. ಸೋಪಿನ ನೀರು ಹಾಗೆಯೇ ಹರಿದು, ಮೇಲಿಂದ ಬಿದ್ದಲ್ಲೆಲ್ಲ ನೊರೆಯೇಳುತ್ತದೆ. ಇದಕ್ಕೆ ಒಬ್ಬ ಕಾಲೇಜು ಹುಡುಗ ಉಳಿದ ಅರ್ಧವನ್ನು ಜೋಡಿಸಿದ: ಆ ನೀರಿನಲ್ಲಿರುವ ರಂಜಕ ಪಾಚಿಗೆ ಗೊಬ್ಬರ, ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ, ಮೀನು ತೇಲುತ್ತವೆ. ಆಮೇಲೆ ಪ್ಲಂಬರ್ ಹೇಳಿದ ಒಂದು ಮಾತಿಗೆ ಇಡೀ ಸಂಜೆಯೇ ಸಾರ್ಥಕವಾಯಿತು. "ಮಳೆಯಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ. ಮಳೆ ಬಂದು ಮೂರು ದಿನವಾದ ಮೇಲೆ ನೋಡಿ. ಆಗ ಮಳೆ ಚರಂಡಿ ಒಣಗಿರಬೇಕು. ನೀರು ಹರಿಯುತ್ತಿದ್ದರೆ ಅದು ಯಾರದೋ ಮನೆಯದು, ಇಲ್ಲವೇ ಯಾರದೋ ಅಂಗಡಿಯದು."

ಚಿತ್ರದ ಪೋಸ್ಟರ್ ತಿರುಗಿಸಿ, ಬೆನ್ನ ಮೇಲೆ ರಸ್ತೆಗಳ ನಕ್ಷೆ ಬರೆದರು. ಮುಂದಿನ ಶನಿವಾರ ಬೆಳಗ್ಗೆ ಎಂದು ಗೊತ್ತುಮಾಡಿ ಹೆಸರು ಬರೆಸಿಕೊಂಡರು. ಹೆಸರು ಕೊಟ್ಟವರೆಲ್ಲ ಬರಲಿಲ್ಲ, ಬಂದವರು ಚರಂಡಿಯ ಗುಂಟ ನಡೆದೆವು. ಒಣಗಿರಬೇಕಾದ ಕಡೆ ಎರಡು ಪೈಪುಗಳಿಂದ ಬೂದು ನೀರು ಬೀಳುತ್ತಿತ್ತು. ದಿನಾಂಕ ಸಮೇತ ಫೋಟೊ, ಹತ್ತಿರದ ಆಳುಗುಂಡಿಯ (ಮ್ಯಾನ್‌ಹೋಲ್) ಮೇಲೆ ಬರೆದಿದ್ದ ಸಂಖ್ಯೆ, ನಕ್ಷೆಯ ಪ್ರತಿ, ಇಷ್ಟನ್ನು ಲಗತ್ತಿಸಿ ಸ್ಥಳೀಯ ಆಡಳಿತಕ್ಕೆ ಅರ್ಜಿ ಕೊಟ್ಟು ಸ್ವೀಕೃತಿಗೆ ಮುದ್ರೆ ಹಾಕಿಸಿಕೊಂಡೆವು. ಒಂದು ಪೈಪು ಮುಚ್ಚಿದೆ. ಇನ್ನೊಂದು "ಪರಿಶೀಲನೆಯಲ್ಲಿದೆ". ಪರಿಸರ ಉಳಿಸಿ ಎಂದು ಬರೆದಿದ್ದರೆ ಆ ಕಾಗದ ಯಾವ ಮೇಜಿಗೆ ಹೋಗಬೇಕೆಂದು ಕಚೇರಿಯವರಿಗೇ ತಿಳಿಯುತ್ತಿರಲಿಲ್ಲ. ಆಳುಗುಂಡಿಯ ಸಂಖ್ಯೆ ಬರೆದದ್ದರಿಂದ ಅದು ಒಬ್ಬ ಮನುಷ್ಯನ ಮೇಜಿಗೆ ಹೋಯಿತು.

ಚಿತ್ರ ತಾನಾಗಿ ಏನನ್ನೂ ಮಾಡುವುದಿಲ್ಲ ಎಂದು ನಾನು ಹೇಳುವುದು ಕೇಳಿ ತಂಡದ ಹುಡುಗನೊಬ್ಬನಿಗೆ ಬೇಸರವಾಯಿತು. ಆದರೆ ಅಳೆದು ನೋಡಿದವರೂ ಬಹುತೇಕ ಅದನ್ನೇ ಕಂಡಿದ್ದಾರೆ. 2009ರ 'ದಿ ಏಜ್ ಆಫ್ ಸ್ಟುಪಿಡ್' ಎಂಬ ಹವಾಮಾನ ಬದಲಾವಣೆಯ ಚಿತ್ರವನ್ನು ನೋಡಿದವರ ಅಭಿಪ್ರಾಯವನ್ನು ರೇಚಲ್ ಹೋವೆಲ್ ಎಂಬ ಬ್ರಿಟಿಷ್ ಸಂಶೋಧಕಿ ಚಿತ್ರಕ್ಕೆ ಮೊದಲು, ಚಿತ್ರ ಮುಗಿದ ಕೂಡಲೇ, ಮತ್ತೆ 10ರಿಂದ 14 ವಾರಗಳ ಬಳಿಕ ಕೇಳಿದರು. ನೋಡಿದ ಕೂಡಲೇ ಕಾಳಜಿಯೂ ಏನಾದರೂ ಮಾಡಬೇಕೆಂಬ ಹುಮ್ಮಸ್ಸೂ ಏರಿದ್ದವು. ವಾರಗಳು ಕಳೆಯುವಷ್ಟರಲ್ಲಿ ಆ ಏರಿಕೆ ಉಳಿದಿರಲಿಲ್ಲ. ಇನ್ನೊಂದು ಸಂಗತಿ: ಬಂದ ಪ್ರೇಕ್ಷಕರು ಮೊದಲೇ ಉಳಿದವರಿಗಿಂತ ಹೆಚ್ಚು ಕಾಳಜಿ ಇದ್ದವರು. ನಮ್ಮಲ್ಲೂ ಅಷ್ಟೇ. ಪೈಪು ಜೋಡಿಸಿದವರು ಪ್ರದರ್ಶನಕ್ಕೆ ಬಂದಿರಲಿಲ್ಲ.

ಎದುರು ಪಕ್ಷದ ಸಾಕ್ಷಿಯೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಬಂಡೆಪದರಗಳನ್ನು ನೀರಿನ ಒತ್ತಡದಿಂದ ಸೀಳಿ ಅನಿಲ ತೆಗೆಯುವುದನ್ನು ವಿರೋಧಿಸಿದ 'ಗ್ಯಾಸ್‌ಲ್ಯಾಂಡ್' ಎಂಬ ಸಾಕ್ಷ್ಯಚಿತ್ರ 2010ರಲ್ಲಿ ಬಂತು. ಅಮೆರಿಕದಲ್ಲಿ ಮಾರ್ಸೆಲಸ್ ಶೇಲ್ ಎಂಬ ಅನಿಲವಿರುವ ಬಂಡೆಪದರ ಹಬ್ಬಿರುವ ರಾಜ್ಯಗಳಲ್ಲಿ ಅದರ ಸ್ಥಳೀಯ ಪ್ರದರ್ಶನಗಳನ್ನು ಸಮಾಜಶಾಸ್ತ್ರಜ್ಞ ಇಯೋನ್ ಬೊಗ್ದಾನ್ ವಾಸಿ ಮತ್ತು ಸಂಗಡಿಗರು ಅಭ್ಯಾಸ ಮಾಡಿ 2015ರಲ್ಲಿ ಪ್ರಕಟಿಸಿದರು. ಪ್ರದರ್ಶನ ನಡೆದ ಕಡೆ ಪ್ರತಿಭಟನೆಗೆ ಜನ ಕೂಡಿದರು, ಆ ಒತ್ತಡ ಸ್ಥಳೀಯ ಆಡಳಿತಗಳು ತಾತ್ಕಾಲಿಕ ನಿಷೇಧ ಹೊರಡಿಸುವುದಕ್ಕೆ ನೆರವಾಯಿತು ಎಂಬುದು ಅವರ ನಿರ್ಣಯ. ಹಾಗಾದರೆ ಎರಡರಲ್ಲಿ ಯಾವುದು ಸರಿ? ನನ್ನ ಮಟ್ಟಿಗೆ ಎರಡೂ ಒಂದೇ ಮಾತು ಹೇಳುತ್ತಿವೆ. ಇಡೀ ಭೂಮಿಯ ಚಿಂತೆ ಹೊತ್ತು ಒಬ್ಬೊಬ್ಬರೇ ಮನೆಗೆ ಹೋದರೆ ಅದು ಕೆಲವು ವಾರಗಳಲ್ಲಿ ಆರಿಹೋಗುತ್ತದೆ. ತಮ್ಮ ಮನೆಯ ನೆಲದಡಿಯ ಪ್ರಶ್ನೆಗೆ, ಆದೇಶ ಹೊರಡಿಸುವ ಅಧಿಕಾರವಿರುವ ಕಚೇರಿ ಹತ್ತಿರದಲ್ಲೇ ಇದ್ದಾಗ, ನೆರೆಹೊರೆಯವರು ಒಟ್ಟಿಗೆ ಎದ್ದರೆ ಕಾಗದ ಅಲ್ಲಾಡುತ್ತದೆ.

'ಗ್ಯಾಸ್‌ಲ್ಯಾಂಡ್' ಹೆಸರು ಬಂದದ್ದರಿಂದ ಇನ್ನೊಂದು ಮಾತು. ನಲ್ಲಿಯ ನೀರಿಗೆ ಬೆಂಕಿ ಹತ್ತುವ ಅದರ ದೃಶ್ಯ ಜಗತ್ಪ್ರಸಿದ್ಧ. ಚಿತ್ರದಲ್ಲಿ ಹಾಗೆ ಹೊತ್ತಿಕೊಂಡ ಒಂದು ಬಾವಿಯ ನೀರಿನಲ್ಲಿದ್ದ ಮೀಥೇನ್ ಎಂಬ ಉರಿಯುವ ಅನಿಲ ಸಹಜವಾಗಿ ಭೂಮಿಯಲ್ಲಿ ಉಂಟಾದದ್ದು, ಕೊರೆತಕ್ಕೆ ಸಂಬಂಧಿಸಿದ್ದಲ್ಲ ಎಂದು ಕೊಲರಾಡೊ ರಾಜ್ಯದ ತೈಲ ಮತ್ತು ಅನಿಲ ನಿಯಂತ್ರಣ ಆಯೋಗ ಹೇಳಿತ್ತು. ಚಿತ್ರದವರು ಅದನ್ನು ಒಪ್ಪಲಿಲ್ಲ. ಇಂಥದ್ದನ್ನು ತೋರಿಸುವವರು ಈ ವಿವಾದವನ್ನೂ ಅದೇ ಸಂಜೆ ಹೇಳಬೇಕು. ನಮ್ಮ ತಂಡ ಪ್ರತಿ ಚಿತ್ರಕ್ಕೂ "ಇದರಲ್ಲಿ ಯಾರು ಮಾತನಾಡಿಲ್ಲ?" ಎಂದು ಕೇಳುತ್ತದೆ. ಕಾರ್ಖಾನೆಯ ಮಾಲೀಕ ಮಾತನಾಡಿಲ್ಲ, ಸರಿ. ಅಲ್ಲಿ ದುಡಿಯುವವನೂ ಮಾತನಾಡಿಲ್ಲ ಎಂದು ಒಮ್ಮೆ ಒಬ್ಬರು ತೋರಿಸಿಕೊಟ್ಟರು, ಆ ದಿನದ ವಾದ ಬಾಗಿಲು ಹಾಕುವವರೆಗೆ ನಡೆಯಿತು. ಪರದೆಯ ಮೇಲಿನದನ್ನು ದೇವವಾಕ್ಯವೆಂದು ನಂಬಿಸುವ ಸಂಘಗಳನ್ನೂ ಕಂಡಿರುವುದರಿಂದ ಇವರ ಈ ಪ್ರಶ್ನೆ ನನಗೆ ಬಲು ಮೆಚ್ಚುಗೆ.

ಅನುಮತಿಯ ವಿಷಯದಲ್ಲೂ ಇವರು ಶಿಸ್ತಿನವರು. ಮನೆಯಲ್ಲಿ ನೋಡಲೆಂದು ಕೊಂಡ ಡಿವಿಡಿಯಾಗಲಿ, ಚಂದಾ ಕಟ್ಟಿದ ಸ್ಟ್ರೀಮಿಂಗ್ ಖಾತೆಯಾಗಲಿ ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕು ಕೊಡುವುದಿಲ್ಲ. ಹಕ್ಕುದಾರರಿಗೆ ಬರೆದು ಕೇಳಬೇಕು. ಸಣ್ಣ ಸಂಘಗಳಿಗೆ ಕಡಿಮೆ ಶುಲ್ಕಕ್ಕೋ ಉಚಿತವಾಗಿಯೋ ಕೊಡುವ ನಿರ್ಮಾಪಕರು ಬೇಕಾದಷ್ಟಿದ್ದಾರೆ. ನೆಟ್‌ಫ್ಲಿಕ್ಸ್ ಸಹ ತನ್ನ ಕೆಲವು ಸಾಕ್ಷ್ಯಚಿತ್ರಗಳನ್ನು ಲಾಭವಿಲ್ಲದ ಶೈಕ್ಷಣಿಕ ಪ್ರದರ್ಶನಕ್ಕೆ ಬಿಟ್ಟುಕೊಡುತ್ತದೆ, ಟಿಕೆಟ್ ಮಾತ್ರ ಮಾರುವಂತಿಲ್ಲ. ಕದ್ದ ಪ್ರಿಂಟ್ ಓಡಿಸಿದ ಚಿತ್ರಮಂದಿರಗಳ ಗತಿ ಕಂಡವನು ನಾನು, ಅನುಮತಿ ಪತ್ರವನ್ನು ಬಾಗಿಲಲ್ಲೇ ಅಂಟಿಸಿದ್ದನ್ನು ನೋಡಿ ಹಿತವಾಯಿತು.

ಹಿಡಿಸದ್ದು ಇನ್ನೂ ಉಂಟು. ಒಂದು ತಿಂಗಳು ಅತಿಥಿಗಳೊಬ್ಬರನ್ನು ಕರೆಸಿ ಚಿತ್ರಕ್ಕೆ ಮೊದಲೇ ಮಾತನಾಡಿಸಿದರು. ನಾವು ನೋಡಬೇಕಾದದ್ದನ್ನೆಲ್ಲ ಅವರೇ ಹೇಳಿ ಮುಗಿಸಿದರು. ಚರ್ಚೆಯ ಕೊನೆಗೆ ಪ್ರತಿಜ್ಞೆಯ ಚೀಟಿ ಹಂಚುವುದೂ ನನಗೆ ಸೇರುವುದಿಲ್ಲ. "ನಾನು ಪ್ಲಾಸ್ಟಿಕ್ ಬಳಸುವುದಿಲ್ಲ" ಎಂದು ಸಹಿ ಹಾಕಿದವರನ್ನು ಆಮೇಲೆ ಕೇಳುವವರು ಯಾರು? ಆ ಚೀಟಿಯ ಬದಲು ಮುಂದಿನ ಪ್ರದರ್ಶನದ ಮೊದಲ ಹತ್ತು ನಿಮಿಷವನ್ನು ಹಿಂದಿನ ತಿಂಗಳ ಕೆಲಸದ ವರದಿಗೆ ಇಡಲಿ: ಯಾವ ಅರ್ಜಿ ಎಲ್ಲಿದೆ, ಯಾರು ವಿಚಾರಿಸಿದರು, ಏನು ಉತ್ತರ ಬಂತು. ಇದನ್ನೂ ಹೇಳಿದ್ದೇನೆ. ಒಪ್ಪಿದ್ದಾರೆ, ಎರಡನೆಯ ಪೈಪಿನ ವರದಿ ಒಪ್ಪಿಸುವ ಕೆಲಸವನ್ನು ನನಗೇ ಗಂಟು ಹಾಕಿದ್ದಾರೆ.

ನಿಮ್ಮಲ್ಲಿಗೆ ಇಂಥ ತಂಡವನ್ನು ಕರೆಸುವುದಾದರೆ ಚಿತ್ರ ಯಾವುದೆಂದು ಆಮೇಲೆ ಕೇಳಿ. ಚರ್ಚೆ ನಡೆಸುವವರು ಯಾರು, ಅದಕ್ಕೆ ಎಷ್ಟು ಹೊತ್ತು ಇಟ್ಟಿದ್ದಾರೆ ಎಂದು ಮೊದಲು ಕೇಳಿ. ಮತ್ತು ಪರದೆಯ ಕೆಳ ಅಂಚು ಕುಳಿತವರ ತಲೆಗಿಂತ ಮೇಲಿರಲಿ. ಕೆಳಗಿದ್ದರೆ ಸಬ್‌ಟೈಟಲ್ ಓದುವ ಭಾಗ್ಯ ಮುಂದಿನ ಸಾಲಿನವರಿಗೆ ಮಾತ್ರ.