ರ‍್ಯಾಂಕಿಂಗ್ ನೋಡಬೇಕಾ, ಅಂಕಣ ನೋಡಬೇಕಾ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಚಹಾ ಕುಡಿಯುತ್ತಾ ಟೆನಿಸ್‌ನ ಗ್ರ್ಯಾಂಡ್‌ಸ್ಲಾಮ್ ಯಾರು ಗೆಲ್ತಾರೆ ಅಂತ ವಾದ ಮಾಡುವ ಗೆಳೆಯರಿಗೆ ಇದು.

ರ‍್ಯಾಂಕಿಂಗ್ ನೋಡುವುದು ಸುಲಭ. ಕಳೆದ 52 ವಾರಗಳ ಪಾಯಿಂಟ್ ಒಂದೇ ಪಟ್ಟಿಯಲ್ಲಿ ಸಿಗುತ್ತದೆ. ಆದರೆ ಮಣ್ಣು, ಹುಲ್ಲು, ಹಾರ್ಡ್‌ಕೋರ್ಟ್ ಅಂಕಣಗಳ ಫಲಿತಾಂಶಗಳೆಲ್ಲ ಅದರಲ್ಲಿ ಕಲಸಿಹೋಗಿರುತ್ತವೆ.

ಅಂಕಣದ ದಾಖಲೆ, ಅಂದ್ರೆ ಆ ಬಗೆಯ ಅಂಕಣದಲ್ಲಿ ಆಟಗಾರ ಹಿಂದೆ ಹೇಗೆ ಆಡಿದ್ದಾನೆ ಅನ್ನೋದು, ಹುಡುಕಬೇಕು, ಆದರೆ ಹೇಳುವುದು ಜಾಸ್ತಿ. ಪ್ಯಾರಿಸ್‌ನ ಕೆಂಪು ಮಣ್ಣಿನಲ್ಲಿ ಚೆಂಡು ನಿಧಾನವಾಗುತ್ತದೆ, ಎತ್ತರಕ್ಕೆ ಪುಟಿಯುತ್ತದೆ. 2025ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ನಂಬರ್ 1 ಸಿನ್ನರ್ ಕೈಯಲ್ಲಿ ಮೂರು ಮ್ಯಾಚ್ ಪಾಯಿಂಟ್ (ಒಂದು ಗೆದ್ದರೂ ಪಂದ್ಯ ಮುಗಿಯುವ ಅವಕಾಶ) ಇದ್ದವು. ಗೆದ್ದದ್ದು ಹಿಂದಿನ ವರ್ಷದ ಚಾಂಪಿಯನ್ ಅಲ್ಕರಾಜ್, 5 ಗಂಟೆ 29 ನಿಮಿಷ ಆಡಿ. ಎಂಥ ಪಂದ್ಯ ಅದು! ಮುಂದಿನ ತಿಂಗಳು ಹುಲ್ಲಿನ ಅಂಕಣದ ವಿಂಬಲ್ಡನ್‌ನಲ್ಲಿ, ಅಲ್ಲಿ ಎರಡು ಸಲ ಗೆದ್ದಿದ್ದ ಅಲ್ಕರಾಜ್‌ರನ್ನೇ ಸಿನ್ನರ್ ಸೋಲಿಸಿದರು. ಅಲ್ಲಿ ರ‍್ಯಾಂಕಿಂಗ್ ಹೇಳಿದ್ದೇ ನಿಜವಾಯಿತು, ಅಲ್ವಾ?

ಮೊದಲೆರಡು ಸುತ್ತಿಗೆ ರ‍್ಯಾಂಕಿಂಗ್ ಸಾಕು. ಕ್ವಾರ್ಟರ್‌ಫೈನಲ್‌ನಿಂದ ಅಂಕಣದ ದಾಖಲೆ ಹಿಡಿಯಿರಿ. ಅಷ್ಟೊತ್ತಿಗೆ ಉಳಿದವರ ನಡುವೆ ರ‍್ಯಾಂಕಿಂಗ್ ಅಂತರ ಸಾಮಾನ್ಯವಾಗಿ ಕಡಿಮೆ.