ಸ್ಕಾರ್ಲೆಟ್ ಸ್ಟ್ರೀಟ್ ಬ್ಲೂ-ರೇ: ಮಸುಕು ಕಾಪಿಯಲ್ಲಿ ನೋಡಿ ಕೈಬಿಟ್ಟವರು ಇನ್ನೊಂದು ಸಲ ನೋಡಿ

ಸ್ಕಾರ್ಲೆಟ್ ಸ್ಟ್ರೀಟ್ ಅನ್ನುವ ಈ ಹಳೆ ಹಾಲಿವುಡ್ ಸಿನಿಮಾವನ್ನು ನಾನು ಮೊದಲು ನೋಡಿದ್ದು ಅಗ್ಗದ ಡಿವಿಡಿಯಲ್ಲಿ. ಹತ್ತು ಹಳೆ ಕ್ರೈಂ ಸಿನಿಮಾ ಒಂದೇ ಡಬ್ಬಿಯಲ್ಲಿ ಸಿಗುತ್ತೆ ಅಂತ ಆಸೆಪಟ್ಟು ತಗೊಂಡಿದ್ದೆ. ರಾತ್ರಿಯ ದೃಶ್ಯಗಳೆಲ್ಲ ಬೂದಿ ಬಳಿದ ಹಾಗೆ, ಮಾತು ಬಾವಿಯೊಳಗಿಂದ ಬಂದ ಹಾಗೆ. ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಆಮೇಲೆ ಅಮೆರಿಕದ ಕೀನೋ ಸಂಸ್ಥೆಯ ಬ್ಲೂ-ರೇ ತರಿಸಿ ನೋಡಿದಾಗ, ಇಷ್ಟು ವರ್ಷ ಎಂಥದ್ದನ್ನು ಬಿಟ್ಟುಬಿಟ್ಟಿದ್ದೆ ಅನ್ನಿಸಿತು.

ಕಾಪಿಗಳು ಇಷ್ಟು ಕೆಟ್ಟಿರಲು ಕಾರಣ ಇದೆ. ಇದು 1945ರ ಸಿನಿಮಾ. ಆಗಿನ ಅಮೆರಿಕದ ಕಾನೂನಿನಲ್ಲಿ 28ನೇ ವರ್ಷದಲ್ಲಿ ಕಾಪಿರೈಟ್ ಹಕ್ಕನ್ನು ನವೀಕರಿಸಬೇಕಿತ್ತು, ಯಾರೂ ಮಾಡಲಿಲ್ಲ. ಹಾಗಾಗಿ ಯಾರು ಬೇಕಾದರೂ ಕಾಪಿ ಮಾಡಿ ಮಾರಬಹುದಾಯಿತು. ಕಾಪಿಯ ಕಾಪಿಯ ಕಾಪಿ. ಈ ಬ್ಲೂ-ರೇ ಮಾತ್ರ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯದಂತಿರುವ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಜೋಪಾನ ಮಾಡಿಟ್ಟಿದ್ದ 35 ಎಂಎಂ ನೆಗೆಟಿವ್‌ನಿಂದ ತಯಾರಾದದ್ದು. ಅಲ್ಲಲ್ಲಿ ಗೀರು ಕಾಣುತ್ತೆ, ಅಷ್ಟು ಹಳೆಯ ಫಿಲ್ಮ್‌ನಲ್ಲಿ ಅದು ಇದ್ದದ್ದೇ. ಕಪ್ಪು ನಿಜವಾಗಿ ಕಪ್ಪಾಗಿದೆ, ಮುಖಗಳು ಮುಖಗಳ ಹಾಗಿವೆ. ನನಗೆ ಬೇಕಾಗಿದ್ದದ್ದು ಅದೇ.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕ್ರಿಸ್ ಕ್ರಾಸ್ ಅಂತ ಒಬ್ಬ ಕ್ಯಾಷಿಯರ್. ಒಂದೇ ಕಂಪನಿಯಲ್ಲಿ 25 ವರ್ಷ ದುಡಿದದ್ದಕ್ಕೆ ಬಾಸ್ ಒಂದು ಚಿನ್ನದ ವಾಚು ಕೊಡುತ್ತಾನೆ. ಮನೆಯಲ್ಲಿ ಹೆಂಡತಿಯ ಬೈಗುಳ, ಭಾನುವಾರ ಬಾತ್‌ರೂಮಿನಲ್ಲಿ ಕೂತು ಚಿತ್ರ ಬರೆಯುವುದು, ಅಷ್ಟೇ ಅವನ ಬದುಕು. ವಾಚು ಸಿಕ್ಕ ಆ ಮಳೆ ರಾತ್ರಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ಒಬ್ಬ ಗಂಡಸು ಒಬ್ಬ ಹೆಂಗಸಿಗೆ ಹೊಡೆಯುವುದನ್ನು ನೋಡಿ ಛತ್ರಿ ಹಿಡಿದು ಓಡುತ್ತಾನೆ. ಅವಳು ಕಿಟ್ಟಿ. ಹೊಡೆಯುತ್ತಿದ್ದವನು ಜಾನಿ, ಅವಳ ಪ್ರಿಯಕರ. ಹೊಡೆದರೂ ಅವಳಿಗೆ ಅವನೇ ಬೇಕು. ಕ್ರಿಸ್‌ಗೆ ಅವಳೇ ಬೇಕು. ಕ್ರಿಸ್ ದೊಡ್ಡ ಚಿತ್ರಕಾರ, ಕೈತುಂಬ ದುಡ್ಡಿದೆ ಅಂತ ಅವಳು ತಿಳಿದುಕೊಳ್ಳುತ್ತಾಳೆ, ಇವನೂ ಇಲ್ಲ ಅನ್ನುವುದಿಲ್ಲ. ಮೊದಲ ಸುಳ್ಳು ಅವನದೇ, ಇದನ್ನು ಮರೆಯಬೇಡಿ. ಆಮೇಲೆ ಅವಳಿಗೊಂದು ಮನೆ ಬಾಡಿಗೆಗೆ ಬೇಕು, ಅದಕ್ಕೆ ದುಡ್ಡು ಬೇಕು. ಮೊದಲು ಹೆಂಡತಿಯ ಬಾಂಡು, ಆಮೇಲೆ ಆಫೀಸಿನ ದುಡ್ಡು.

ನನ್ನ ಜೊತೆ ಚಿಕ್ಕಪ್ಪ ಕೂತಿದ್ದರು. ಬ್ಯಾಂಕಿನಲ್ಲಿ ಕ್ಯಾಷ್ ಕೌಂಟರ್‌ನಲ್ಲೇ ತುಂಬ ವರ್ಷ ಇದ್ದವರು, ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾ ಅವರಿಗೆ ಅಷ್ಟಕ್ಕಷ್ಟೆ. ಕ್ರಿಸ್ ದುಡ್ಡಿಗೆ ಕೈಹಾಕಿದಾಗ ಎದ್ದು ನೇರ ಕೂತರು. "ಸಂಜೆ ಟ್ಯಾಲಿ ಆಗಲ್ವಲ್ಲೋ" ಅಂದರು, ಯಾರಿಗೆ ಹೇಳಿದರೋ ಗೊತ್ತಿಲ್ಲ. ಆಮೇಲೆ ಮುಗಿಯುವವರೆಗೂ ಏಳಲಿಲ್ಲ.

ಕ್ರಿಸ್ ಆಗಿರುವುದು ಎಡ್ವರ್ಡ್ ಜಿ. ರಾಬಿನ್ಸನ್. ಗ್ಯಾಂಗ್‌ಸ್ಟರ್ ಪಾತ್ರಗಳಿಂದಲೇ ಹೆಸರು ಮಾಡಿದವರು. ಅವರಿಗೆ ಆಗ 51 ವರ್ಷ. ಅಂಥವರು ಇಲ್ಲಿ ಹೂವಿನ ಏಪ್ರನ್ ಕಟ್ಟಿಕೊಂಡು ಪಾತ್ರೆ ತೊಳೆಯುತ್ತಾರೆ, ನೋಡಿದರೆ ನಗು ಬರಲ್ಲ, ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತೆ. ಕಿಟ್ಟಿ ಆಗಿ ಜೋನ್ ಬೆನೆಟ್, ಜಾನಿ ಆಗಿ ಡ್ಯಾನ್ ಡುರ್ಯೇ. ನಿರ್ದೇಶಕ ಫ್ರಿಟ್ಜ್ ಲಾಂಗ್ ಇದೇ ಮೂವರನ್ನು ಹಿಂದಿನ ವರ್ಷವೂ ಒಂದು ಸಿನಿಮಾದಲ್ಲಿ ಸೇರಿಸಿದ್ದರು. ಕಥೆಯ ಮೂಲ ಒಂದು ಫ್ರೆಂಚ್ ಕಾದಂಬರಿ, 1931ರಲ್ಲಿ ಫ್ರೆಂಚ್ ನಿರ್ದೇಶಕ ಝಾನ್ ರೆನ್ವಾರ್ ಅದನ್ನು ಆಗಲೇ ಸಿನಿಮಾ ಮಾಡಿದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ದೃಶ್ಯ. ಕ್ರಿಸ್ ಬರೆದ ಚಿತ್ರಗಳನ್ನು ಜಾನಿ ಕದ್ದು ಮಾರುತ್ತಾನೆ, ಒಬ್ಬ ವಿಮರ್ಶಕನಿಗೆ ಅವು ತುಂಬ ಹಿಡಿಸುತ್ತವೆ, ಬರೆದವಳು ನಾನೇ ಅಂತ ಕಿಟ್ಟಿ ಹೇಳಿಕೊಳ್ಳುತ್ತಾಳೆ, ಅವಳ ಹೆಸರೇ ಚಿತ್ರದ ಮೇಲೆ ಬರುತ್ತೆ. ಇದು ಕ್ರಿಸ್‌ಗೆ ಗೊತ್ತಾಗುತ್ತೆ. ಈಗ ಕೂಗಾಡುತ್ತಾನೆ, ಹೊಡೆಯುತ್ತಾನೆ ಅಂದುಕೊಂಡಿರುತ್ತೇವೆ ಅಲ್ವಾ? ಅವನು ಖುಷಿಪಡುತ್ತಾನೆ. ತನ್ನ ಚಿತ್ರಕ್ಕೆ ಅವಳ ಹೆಸರು ಬಂತಲ್ಲ, ಮದುವೆ ಆದ ಹಾಗೇ ಆಯಿತಲ್ಲ ಅಂತ. ಆ ಕ್ಷಣದಲ್ಲಿ ಅವನ ಮುಖದ ಬೆಳಕು ನೋಡಬೇಕು. ಹಳೆ ಡಿವಿಡಿಯಲ್ಲಿ ಅಲ್ಲಿ ಒಂದು ಬಿಳಿ ಚುಕ್ಕೆ ಇತ್ತು ಅಷ್ಟೆ. ಮೋಸ ಮಾಡುವವರು ಎಷ್ಟು ಜಾಣರಾದರೂ ಒಳಗಿನಿಂದ ಬಾಗಿಲು ತೆಗೆದುಕೊಡುವವನು ಇವನೇ. ಚಿತ್ರ ಬರೆಯುವಾಗ ದೂರ-ಹತ್ತಿರದ ಅಳತೆ ತನಗೆ ಎಂದೂ ಕೈಗೆ ಹತ್ತಲಿಲ್ಲ ಅಂತ ಅವನೇ ಒಂದು ಕಡೆ ಹೇಳುತ್ತಾನೆ. ಬದುಕಿನಲ್ಲೂ ಅವನಿಗೆ ಅದು ಹತ್ತಿಲ್ಲ.

ಶಬ್ದದ ಬಗ್ಗೆಯೂ ಹೇಳಬೇಕು. ಕಿಟ್ಟಿ ಮನೆಯಲ್ಲಿ ಗ್ರಾಮಫೋನ್ ತಟ್ಟೆ ಒಂದೇ ಪದದ ಮೇಲೆ ಸಿಕ್ಕಿಕೊಂಡು ತಿರುಗುತ್ತಿರುತ್ತೆ, ಆಗಲೇ ಕ್ರಿಸ್ ಕಿಟ್ಟಿ-ಜಾನಿ ಇಬ್ಬರನ್ನೂ ಒಟ್ಟಿಗೆ ನೋಡಿಬಿಡುತ್ತಾನೆ. ಗರಗರ ಸದ್ದಿನ ಕಾಪಿಯಲ್ಲಿ ಇದು ಕಾಪಿಯ ದೋಷ ಅಂತಲೇ ನಾನು ತಿಳಿದಿದ್ದೆ! ಇಲ್ಲಿ ಸ್ಪಷ್ಟವಾಗಿ ಕೇಳುತ್ತೆ. ಕೊನೆಕೊನೆಗೆ ಹೊರಗಿನ ನಿಯಾನ್ ದೀಪ ಹತ್ತಿ ಆರುತ್ತಿರುವ ಅಗ್ಗದ ಹೋಟೆಲ್ ರೂಮಿನಲ್ಲಿ ಅವನಿಗೆ ಅವಳ ದನಿ, ಜಾನಿಯ ದನಿ ಕೇಳುತ್ತಲೇ ಇರುತ್ತೆ. ದಯವಿಟ್ಟು ಲೈಟ್ ಆರಿಸಿ ನೋಡಿ.

ಸಿನಿಮಾದಲ್ಲಿ ಕೊರತೆ ಇಲ್ಲ ಅಂತಲ್ಲ. ಹೆಂಡತಿಯ ಪಾತ್ರ ಬರೀ ಬಜಾರಿ, ಅವಳಿಗೂ ಒಂದು ಮನಸ್ಸಿದೆ ಅಂತ ಯಾರೂ ಯೋಚಿಸಿಲ್ಲ. ಸತ್ತೇ ಹೋದ ಅಂದುಕೊಂಡಿದ್ದ ಅವಳ ಮೊದಲ ಗಂಡ ವಾಪಸ್ ಬರುವುದು ಕಥೆ ಮುಂದೆ ಹೋಗಲಿ ಅಂತ ತಂದು ಹಾಕಿದ ಹಾಗಿದೆ. ಕೊನೆಯ ಹತ್ತು-ಹದಿನೈದು ನಿಮಿಷ ಎಲ್ಲವನ್ನೂ ಮರೆಸುತ್ತೆ. 1946ರ ಜನವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಸೆನ್ಸಾರ್ ಇದನ್ನು ನಿಷೇಧಿಸಿತ್ತು. ತಪ್ಪು ಮಾಡಿದವನಿಗೆ ಕೋರ್ಟಿನ ಶಿಕ್ಷೆ ಆಗಲೇಬೇಕು ಅಂತ ನಂಬಿದ್ದ ಕಾಲದಲ್ಲಿ ಈ ಸಿನಿಮಾ ಬೇರೆಯೇ ದಾರಿ ಹಿಡಿಯಿತು. ಅದು ಯಾವ ದಾರಿ ಅಂತ ಇಲ್ಲಿ ಬರೆಯಲ್ಲ.

ಕೊಳ್ಳುವವರಿಗೆ ಒಂದು ಮಾತು. ಬ್ಲೂ-ರೇಯಲ್ಲಿ ಲೋಕವನ್ನು ರೀಜನ್ ಅಂತ ಭಾಗ ಮಾಡಿದ್ದಾರೆ, ಒಂದು ರೀಜನ್ನಿಗೆ ಮಾಡಿದ ಡಿಸ್ಕನ್ನು ಇನ್ನೊಂದರ ಪ್ಲೇಯರ್ ಓದದೇ ಇರಬಹುದು. ಅಮೆರಿಕ ರೀಜನ್ ಎ, ಭಾರತ ರೀಜನ್ ಸಿ. ನಿಮ್ಮ ಪ್ಲೇಯರ್ ಯಾವುದನ್ನು ಓದುತ್ತೆ, ಡಿಸ್ಕಿನ ಮೇಲೆ ಏನಿದೆ ಅಂತ ಮೊದಲೇ ನೋಡಿಕೊಳ್ಳಿ. ಕಸ್ಟಮ್ಸ್ ಸೇರಿದರೆ ಬೆಲೆ ಜಾಸ್ತಿಯೇ ಆಗಬಹುದು. ಸಿನಿಮಾ ಇತಿಹಾಸಕಾರ ಡೇವಿಡ್ ಕಲಾಟ್ ಅವರ ಕಾಮೆಂಟರಿ ಟ್ರ್ಯಾಕ್ ಇದೆ, ಅಂದರೆ ಸಿನಿಮಾ ಓಡುತ್ತಿರುವಾಗಲೇ ಅದರ ಬಗ್ಗೆ ಮಾತಾಡುತ್ತಾ ಹೋಗುತ್ತಾರೆ, ಅದನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

ಸಿನಿಮಾ ಮುಗಿದ ಮೇಲೆ ಚಿಕ್ಕಪ್ಪ ಆ ಏಪ್ರನ್ ದೃಶ್ಯವನ್ನು ಇನ್ನೊಂದು ಸಲ ಹಾಕು ಅಂದರು. ಹಾಕಿದೆ. ಏನೂ ಮಾತಾಡದೆ ನೋಡಿದರು, ಆಮೇಲೆ ಎದ್ದು ಒಳಗೆ ಹೋದರು.