ಕಪ್ಪು ಕೇಸಿಗೆ ಇಳಕಲ್ ಸೆರಗಿನ ಕೆಂಪು: ಸ್ಪ್ರೇ, ಪೌಡರ್ ಕೋಟಿಂಗ್, ವಿನೈಲ್

ಕಪ್ಪು ಕಂಪ್ಯೂಟರ್ ಕೇಸಿನ ಭಾಗಗಳಿಗೆ ಇಳಕಲ್ ಸೀರೆಯ ಸೆರಗಿನ ಕೆಂಪು ಹಚ್ಚಲು ಮೂರು ದಾರಿ: ಸ್ಪ್ರೇ ಡಬ್ಬಿ, ಬಣ್ಣದ ಪುಡಿಯನ್ನು ಓವನ್ನಿನಲ್ಲಿ ಕರಗಿಸಿ ಹಿಡಿಸುವ ಪೌಡರ್ ಕೋಟಿಂಗ್, ಅಂಟಿಸುವ ವಿನೈಲ್ ಹಾಳೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಪ್ರೇ ಡಬ್ಬಿಗೆ. ಗಟ್ಟಿತನದಲ್ಲಿ ಅದು ಪೌಡರ್ ಕೋಟಿಂಗ್ ಹತ್ತಿರಕ್ಕೂ ಬರುವುದಿಲ್ಲ. ಕೈ ಹೊಲಸಾಗಬಾರದು ಎನ್ನುವವರಿಗೆ ವಿನೈಲ್ ವಾಸಿ. ಆದರೆ ಥೀಮ್ ಎಂದಮೇಲೆ ಫ್ಯಾನಿನ ಪ್ಲಾಸ್ಟಿಕ್ ಚೌಕಟ್ಟು, ಗ್ರಿಲ್ಲಿನ ತಂತಿ, ಹಿಂಬದಿಯ ಕಾರ್ಡ್ ಸಂದುಗಳನ್ನು ಮುಚ್ಚುವ ಸ್ಲಾಟ್ ಕವರಿನ ತಗಡು ಮೂರರ ಮೇಲೂ ಒಂದೇ ಕೆಂಪು ಕೂರಬೇಕು. ಅದು ಆಗುವುದು ಒಂದೇ ಡಬ್ಬಿಯಿಂದ ಹೊಡೆದಾಗ ಮಾತ್ರ.

ಪೌಡರ್ ಕೋಟಿಂಗಿಗೆ ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳದ ಕೈಗಾರಿಕಾ ಪ್ರದೇಶಗಳ ಕಡೆ ವಿಚಾರಿಸಿದರೆ ಸಾಮಾನ್ಯವಾಗಿ ಸಿಗುವ ಉತ್ತರ: "ಕರೇದು ಬಿಳೇದು ಆದ್ರ ನಾಳೆ ಕೊಡ್ತೀವ್ರಿ, ಈ ಕೆಂಪಿಗೆ ಪೌಡರ್ ತರಸಬೇಕಾಕ್ಕತಿ." ನಾಲ್ಕು ಗ್ರಿಲ್, ಏಳು ಸ್ಲಾಟ್ ಕವರಿಗಾಗಿ ಯಾರೂ ಪುಡಿ ಹೊಡೆಯುವ ಗನ್ ಸ್ವಚ್ಛ ಮಾಡಿ ಬಣ್ಣ ಬದಲಿಸುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಪೌಡರ್ ಸಿಕ್ಕಿತು ಎಂದೇ ಇಟ್ಟುಕೊಳ್ಳಿ, ಪುಡಿ ಕರಗಿ ಹಿಡಿಯುವುದು 180ರಿಂದ 200 ಡಿಗ್ರಿ ಓವನ್ನಿನಲ್ಲಿ. ಎಬಿಎಸ್ ಪ್ಲಾಸ್ಟಿಕ್ 100 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಹಾಗಾಗಿ ಪ್ಲಾಸ್ಟಿಕ್ಕಿಗೆ ಹೇಗೂ ಸ್ಪ್ರೇಯೇ ಗತಿ. ಬಣ್ಣಗಳಿಗೆ ನಂಬರ್ ಕೊಡುವ ರಾಲ್ (RAL) ಕಾರ್ಡಿನ 3005 ಕೆಂಪು ಪೌಡರ್ ಒಂದು ಕಡೆ, ಡಬ್ಬಿಯ ಮರೂನ್ ಇನ್ನೊಂದು ಕಡೆ. ಅಂಗಡಿ ಟ್ಯೂಬ್‌ಲೈಟಿನಲ್ಲಿ ಜೋಡಿಯಂತೆ ಕಂಡರೂ ಕೇಸಿನೊಳಗೆ ಬಿಳಿ ಎಲ್‌ಇಡಿ ಹಚ್ಚಿದ ಕೂಡಲೇ ಬೇರೆಬೇರೆ ಎಂದು ಗೊತ್ತಾಗುತ್ತದೆ. ಹೊಳಪಂತೂ ಮೊದಲೇ ಬೇರೆ.

ಪೌಡರ್ ಪದರ ದಪ್ಪವೂ ಹೌದು, 60ರಿಂದ 80 ಮೈಕ್ರಾನ್. ಸ್ಲಾಟ್ ಕವರಿನ ಕೆಳಗಿನ ನಾಲಿಗೆ ಸಂದಿನೊಳಗೆ ಇಳಿಯಲು ಹಠ ಮಾಡುತ್ತದೆ. ಸ್ಕ್ರೂ ತೂತುಗಳಿಗೆ ಸಿಲಿಕೋನ್ ಪ್ಲಗ್ ಹಾಕಿಸದಿದ್ದರೆ ಆಮೇಲೆ ತೂತಿನ ಮರೆಗಳನ್ನು ಬಿಡಿಸಲು ಟ್ಯಾಪ್ ಹೊಡೆಯುತ್ತ ಕೂರಬೇಕು.

ಸ್ಪ್ರೇ ವಿಧಾನ ಹೀಗೆ. 400 ನಂಬರ್ ನೀರು ಪೇಪರಿನಿಂದ (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್) ಹೊಳಪು ಹೋಗುವಷ್ಟು ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಅಸಿಟೋನ್ ಬೇಡ, ಎಬಿಎಸ್ ಕರಗುತ್ತದೆ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಪ್ರೈಮರ್, ತಗಡಿಗೆ ಮೆಟಲ್ ಪ್ರೈಮರ್, ಆದರೆ ಎರಡೂ ಒಂದೇ ಬೂದು ಬಣ್ಣದವು ಇರಲಿ. ಬಿಳಿ ಪ್ರೈಮರಿನ ಮೇಲಿನ ಕೆಂಪೇ ಬೇರೆ, ಬೂದು ಪ್ರೈಮರಿನ ಮೇಲಿನ ಕೆಂಪೇ ಬೇರೆ. 20–25 ಸೆಂ.ಮೀ. ದೂರದಿಂದ ತೆಳುವಾಗಿ ಮೂರು ಕೋಟ್, ನಡುವೆ 10–15 ನಿಮಿಷ ಬಿಡುವು, ಕೊನೆಗೆ ಬಣ್ಣವಿಲ್ಲದ ಪಾರದರ್ಶಕ ಪದರ, ಅಂದರೆ ಕ್ಲಿಯರ್. ಮುಟ್ಟಿದರೆ ಒಣಗಿದೆ ಎನಿಸಿದರೂ ವಾರದ ತನಕ ಸ್ಕ್ರೂ ಬಿಗಿಯಬೇಡಿ, ವಾಷರಿನ ಗುರುತು ಉಳಿದುಬಿಡುತ್ತದೆ.

ಇದರ ದೊಡ್ಡ ಕಿರಿಕಿರಿ ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಜಿಟಿಜಿಟಿ ಹಿಡಿದ ಧಾರವಾಡದಲ್ಲಿ, ಕ್ಲಿಯರ್ ಹೊಡೆದ ಹತ್ತೇ ನಿಮಿಷಕ್ಕೆ ಕೆಂಪಿನ ಮೇಲೆ ಹಾಲು ಚೆಲ್ಲಿ ಒರೆಸಿದಂಥ ಮಬ್ಬು ಏಳುತ್ತದೆ. ಡಬ್ಬಿ ಕಳಪೆ ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಹನಿಗಟ್ಟಿ ಪದರದೊಳಗೆ ಸಿಕ್ಕಿಬೀಳುತ್ತದೆ. ಮ್ಯಾಟ್ ಕಪ್ಪಿನಲ್ಲಿ ಇದು ಅಷ್ಟಾಗಿ ಕಾಣದು, ಗಾಢ ಕೆಂಪಿನಲ್ಲಿ ಮುಖಕ್ಕೆ ಹೊಡೆಯುತ್ತದೆ.

ಮಾಡಬೇಕಾದ್ದಿಷ್ಟು. ಬೆಳಿಗ್ಗೆ, ಸಂಜೆ ಹೊಡೆಯಬೇಡಿ. ಮಧ್ಯಾಹ್ನ, ತೇವಾಂಶ 65%ಕ್ಕಿಂತ ಕೆಳಗಿರುವ ಹೊತ್ತು ನೋಡಿಕೊಳ್ಳಿ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ. ಕುದಿಯುವ ನೀರು, ಗ್ಯಾಸಿನ ಉರಿ ಎರಡರ ಹತ್ತಿರವೂ ಒಯ್ಯಬೇಡಿ, ಒಡೆಯುತ್ತದೆ. ಭಾಗವನ್ನು ಹೇರ್ ಡ್ರೈಯರಿನಿಂದ ಕೈಗೆ ಬೆಚ್ಚಗೆನಿಸುವಷ್ಟು ಕಾಯಿಸಿ, ಆಮೇಲೆ ಹೊಡೆಯಿರಿ. ಮಬ್ಬು ಬಂದೇಬಿಟ್ಟರೆ ಉಜ್ಜುವ ಗಡಿಬಿಡಿ ಬೇಡ. ಒಣ ಬಿಸಿಲಿನ ದಿನ ಅದೇ ಕ್ಲಿಯರನ್ನು ಮಂಜಿನಂತೆ ಒಂದು ಸುತ್ತು ಹಾಯಿಸಿದರೆ ಹಳೆಯ ಪದರ ಮತ್ತೆ ಮೆದುವಾಗಿ ತೇವ ಬಿಟ್ಟುಕೊಡುತ್ತದೆ, ಬಹಳ ಸಲ ಇಷ್ಟಕ್ಕೇ ತಿಳಿಯಾಗುತ್ತದೆ. ಇದು ಲ್ಯಾಕರ್, ಅಕ್ರಿಲಿಕ್ ಡಬ್ಬಿಗಳ ಮಾತು. ಎನಾಮಲ್ ಆದರೆ ಮರುಕೋಟಿನ ಗಡುವನ್ನು ಡಬ್ಬಿಯ ಮೇಲೆ ಓದಿಕೊಳ್ಳಿ, ತಪ್ಪಿದರೆ ಬಣ್ಣ ಸುಕ್ಕುಗಟ್ಟುತ್ತದೆ.

ಬೇಸಿಗೆಯಲ್ಲಿ ತೊಂದರೆ ಧೂಳಿನದು. ನವೆಂಬರ್‌ನಿಂದ ಫೆಬ್ರವರಿ ಚಲೋ.

ವಿನೈಲ್: ಪವರ್ ಸಪ್ಲೈ ಮೇಲಿನ ಚಪ್ಪಟೆ ಹೊದಿಕೆಗೆ ಮಾತ್ರ. ಜಾಲರಿಯ ಮೇಲೆ ಹಚ್ಚಿದರೆ ಗಾಳಿ ಬಂದ್, ಸಣ್ಣ ಮೂಲೆಗಳಲ್ಲಿ ಕೆಲ ದಿನಕ್ಕೇ ಅಂಚು ಏಳುತ್ತದೆ. ಬಾಡಿಗೆ ಮನೆಯಲ್ಲಿ ಸ್ಪ್ರೇಗೆ ಜಾಗವಿಲ್ಲದವರಿಗೆ, ಕೇಸ್ ಮಾರುವ ಯೋಚನೆ ಇರುವವರಿಗೆ ಸರಿ.

ಯಾವ ವಿಧಾನವಾದರೂ ಫ್ಯಾನಿನ ರೆಕ್ಕೆಗೆ ಬಣ್ಣ ಬೇಡ, ತೂಕ ಏರುಪೇರಾಗಿ ನಡುಗುತ್ತದೆ. ಮೂಲೆಯ ರಬ್ಬರ್ ಬಿಚ್ಚಿಡಿ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಮದರ್‌ಬೋರ್ಡ್ ಕೂರುವ ಸಣ್ಣ ಲೋಹದ ಕಂಬಗಳು (ಸ್ಟ್ಯಾಂಡಾಫ್), ಸ್ಲಾಟ್ ಕವರು ಚಾಸಿಗೆ ತಾಗುವ ಅಂಚು, ಇವೆರಡಕ್ಕೂ ಮಾಸ್ಕಿಂಗ್ ಟೇಪ್. ಲೋಹಕ್ಕೆ ಲೋಹ ತಾಗಿದರೇ ಅರ್ಥಿಂಗ್. ಕೇಬಲಿಗೆ ಬಣ್ಣದ ಎಕ್ಸ್‌ಟೆನ್ಷನ್ ಕೊಳ್ಳಿ. ಬಣ್ಣ ಹೊಂದಿತೆಂದು ಬೇರೆ ಕಂಪನಿಯ ಮಾಡ್ಯುಲರ್ (ಬಿಚ್ಚಿ ಹಾಕಬಹುದಾದ) ಕೇಬಲ್ ಪವರ್ ಸಪ್ಲೈಗೆ ಚುಚ್ಚಬೇಡಿ, ಪಿನ್ ಕ್ರಮ ಬೇರೆ ಇದ್ದರೆ ಡ್ರೈವ್ ಸುಟ್ಟುಹೋಗುತ್ತದೆ.

ಖರ್ಚು: ಪ್ರೈಮರ್ ಎರಡು, ಬಣ್ಣ, ಕ್ಲಿಯರ್ ಸೇರಿ ನಾಲ್ಕು ಡಬ್ಬಿ. ಥೀಮ್ ಆಗಾಗ ಬದಲಿಸುವ ಚಟ ನನ್ನದು, ಬಜೆಟ್ಟೂ ಸಣ್ಣದು. ಉಜ್ಜಿ ಮತ್ತೆ ಹೊಡೆಯಬಹುದಾದ್ದೇ ನನಗೆ ಸರಿ. ಪೂರ್ತಿ ಕಪ್ಪು ಅಥವಾ ಬಿಳಿ ಮಾಡಿ ವರ್ಷಗಟ್ಟಲೆ ಹಾಗೇ ಬಿಡುವವರು ತಗಡಿನ ಭಾಗಗಳನ್ನೆಲ್ಲ ರಿವೆಟ್ ಬಿಚ್ಚಿ ಒಂದು ಚೀಲಕ್ಕೆ ತುಂಬಿ ತಾರಿಹಾಳಕ್ಕೇ ಒಯ್ಯಲಿ.